ಫ್ರಿಜ್‌ನಲ್ಲಿಡುವ ಎಳೆಸೌತೆ ಉಪ್ಪಿನಕಾಯಿ: ವಿನೆಗರ್ ಎಷ್ಟು, ನೀರು ಎಷ್ಟು?

ತುಂಗಾತೀರ (ತೀರ್ಥಹಳ್ಳಿ)
ಎಳೆಸೌತೆ, ಜೀರಿಗೆ ಮೆಣಸು, ಬೆಳ್ಳುಳ್ಳಿ ಹಾಕಿ ವಿನೆಗರ್ ಉಪ್ಪಿನಕಾಯಿ ಮಾಡಬೇಕು ಅಂತಿದೆ. 1 ಲೀಟರ್ ಬಾಟಲಿಗೆ ಅಳತೆ ಹೇಳಿ. ಮನೇಲಿ ಹುಳಿ ಜಾಸ್ತಿ ತಿನ್ನಲ್ಲ, ನೀರು ಹೆಚ್ಚು ಹಾಕಬಹುದಾ? ಮಿಡಿ ಉಪ್ಪಿನಕಾಯಿ ಥರ ವರ್ಷಗಟ್ಟಲೆ ಇರುತ್ತಾ? ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತೋ ಗೊತ್ತಿಲ್ಲ, ಅದಕ್ಕೇನು ಮಾಡೋದು?

ಕಲ್ಲುಪ್ಪು
ನೀರು ಹೆಚ್ಚು ಹಾಕಲೇಬೇಡಿ. ಮಿಡಿಯನ್ನು ಕಾಯೋದು ಉಪ್ಪು. ಮಿಡಿ ಮುರುಟುವಷ್ಟು ಉಪ್ಪು ಹಾಕ್ತೀವಲ್ಲ, ಅದಕ್ಕೇ ವರ್ಷ ಕಳೆದರೂ ಕೆಡಲ್ಲ. ಇದರಲ್ಲಿ ಉಪ್ಪು ಬರೀ ರುಚಿಗೆ. ಕಾಯೋದು ಹುಳಿ ಮತ್ತು ತಂಪು, ಎರಡೂ ಬೇಕು. ಹುಳಿ ಖಾರವಾಗಿ ಹೊಡೀತು ಅನ್ನಿಸಿದರೆ ಸಕ್ಕರೆ ಒಂದು ಚಮಚ ಏರಿಸಿ, ವಿನೆಗರ್ ಇಳಿಸಬೇಡಿ.

1 ಲೀಟರ್ ಬಾಟಲಿಗೆ 500 ಗ್ರಾಂ ಎಳೆಸೌತೆ, 5% ವಿನೆಗರ್ 250 ಮಿಲಿ, ನೀರು 250 ಮಿಲಿ, ಉಪ್ಪು 15 ಗ್ರಾಂ, ಸಕ್ಕರೆ 15 ಗ್ರಾಂ, ಸಾಸಿವೆ ಒಂದು ಚಮಚ, ಬೆಳ್ಳುಳ್ಳಿ ನಾಲ್ಕು ಎಸಳು. ಲೇಬಲ್ ನೋಡಿಯೇ ವಿನೆಗರ್ ತನ್ನಿ. 4% ಅಂತಿದ್ದರೆ ಲೆಕ್ಕ ಬದಲಾಗುತ್ತೆ: ವಿನೆಗರ್ 310 ಮಿಲಿ, ನೀರು 190 ಮಿಲಿ. ಉಪ್ಪನ್ನು ತೂಕ ಹಾಕಿ; ಹರಳುಪ್ಪಿನ ಒಂದು ಚಮಚಕ್ಕೂ ಪುಡಿ ಉಪ್ಪಿನ ಒಂದು ಚಮಚಕ್ಕೂ ತುಂಬಾ ವ್ಯತ್ಯಾಸ. ಪುಡಿ ಉಪ್ಪು ಹಾಕಿದರೆ ನೀರು ಸ್ವಲ್ಪ ಮಬ್ಬಾಗುತ್ತೆ, ಅದು ಕೆಟ್ಟಿದ್ದಲ್ಲ.

ಸೌತೆ ಮೆತ್ತಗಾಗೋದು ಹೆಚ್ಚಾಗಿ ಹೂವಿನ ತುದಿಯಿಂದ. ತೊಟ್ಟಿನ ಎದುರು ಬದಿ, ಹೂ ಒಣಗಿ ಉದುರಿದ ಕಲೆ ಕಾಣುತ್ತಲ್ಲ, ಅಲ್ಲಿರುವ ಕಿಣ್ವ ಕಾಯನ್ನು ಕರಗಿಸುತ್ತೆ. ಅರ್ಧ ಸೆಂಟಿಮೀಟರ್ ಕತ್ತರಿಸಿ ಎಸೆಯಿರಿ. ಆಮೇಲೆ ಹೋಳು ಮಾಡಿ, ಬೇರೆಯಾಗಿ ಒಂದಿಷ್ಟು ಉಪ್ಪು ಉದುರಿಸಿ ಅರ್ಧ ಗಂಟೆ ಬಿಟ್ಟು, ಬಿಟ್ಟ ನೀರು ಚೆಲ್ಲಿ ಒಮ್ಮೆ ತೊಳೆದು ಬಸಿಯಿರಿ. ಇಲ್ಲದಿದ್ದರೆ ಆ ನೀರೆಲ್ಲ ಬಾಟಲಿಯಲ್ಲೇ ಇಳಿದು ಹುಳಿ ತೆಳುವಾಗುತ್ತೆ.

ವಿನೆಗರ್, ನೀರು, ಉಪ್ಪು, ಸಕ್ಕರೆ ಸ್ಟೀಲ್ ಪಾತ್ರೆಯಲ್ಲಿ ಕುದಿಸಿ, ಅಲ್ಯೂಮಿನಿಯಂ ಬೇಡ. ಎಳೆಸೌತೆಗೆ ಉಗುರುಬೆಚ್ಚಗಾದ ಮೇಲೆ ಹೊಯ್ಯಿರಿ, ಕ್ಯಾರೆಟ್ ಆದರೆ ಬಿಸಿಬಿಸಿಯೇ. ಜೀರಿಗೆ ಮೆಣಸನ್ನು ಸೂಜಿಯಿಂದ ಚುಚ್ಚಿ ಹಾಕಿ, ಇಲ್ಲದಿದ್ದರೆ ಒಳಗೆ ಹುಳಿ ಇಳಿಯಲ್ಲ, ಮೇಲೇ ತೇಲುತ್ತೆ.

ಅಂಬೆಕೊಂಬು (ಸಾಗರ)
ಮೇಲಿನವರ ಅಳತೆ ಸರಿಯಾಗಿದೆ. ಇನ್ನೊಂದು ಮಾತು, ಬೆಳ್ಳುಳ್ಳಿ ಒಂದೆರಡು ದಿನದಲ್ಲಿ ಹಸಿರೋ ನೀಲಿಯೋ ಆದರೆ ಗಾಬರಿ ಬೇಡ. ಅದರ ಗಂಧಕದ ಅಂಶ ಹುಳಿ ಜೊತೆ ಸೇರಿ ಬರುವ ಬಣ್ಣ, ತಿನ್ನಬಹುದು. ಬೂಷ್ಟು ಮಾತ್ರ ಬೇರೆ ಕಥೆ. ಮೇಲಿಂದ ತೆಗೆದು ಉಳಿದಿದ್ದು ತಿನ್ನೋದಲ್ಲ, ಇಡೀ ಬಾಟಲಿ ಚೆಲ್ಲಬೇಕು. ಹೋಳು ನೀರಿನ ಮೇಲೆ ಇಣುಕಿದರೆ, ಒದ್ದೆ ಚಮಚ ಹಾಕಿದರೆ ಬೂಷ್ಟು ಬರುತ್ತೆ. ಮೇಲೆ ಒಂದು ಎಲೆಕೋಸಿನ ಎಲೆ ಮಡಚಿ ಒತ್ತಿಟ್ಟರೆ ಹೋಳು ಮುಳುಗಿರುತ್ತೆ.

ಒಂದು ದಿನ ಬಿಟ್ಟು ತಿನ್ನಿ. ಎರಡು ವಾರ ಗರಿಗರಿ ಇರುತ್ತೆ, ತಿಂಗಳೊಳಗೆ ಮುಗಿಸಿ. ಕರೆಂಟ್ ಹೋದಾಗ ಬಾಗಿಲು ತೆಗೀದೆ ಇದ್ದರೆ ಫ್ರಿಜ್ ಸುಮಾರು 4 ಗಂಟೆ ತಂಪು ಹಿಡಿಯುತ್ತೆ. ಆಷಾಢದಲ್ಲಿ ಅದೆಲ್ಲಿ ಸಾಲುತ್ತೆ! ದೊಡ್ಡ ಬಾಟಲಿ ಬಿಟ್ಟು ವಾರಕ್ಕಾಗುವಷ್ಟೇ ಹಾಕಿ, ಅಳತೆ ಅದೇ ಪ್ರಮಾಣದಲ್ಲಿ.

ತುಂಗಾತೀರ
ತುಂಬಾ ಉಪಕಾರ. ವಿನೆಗರ್ ಬದಲು ಉಪ್ಪಾಗೆ ಹಣ್ಣಿನ ಹುಳಿ ನಡೆಯುತ್ತಾ? ಇದೇ ನೀರಿಗೆ ಕಳಲೆ ಹಾಕಬಹುದಾ?

ಕಲ್ಲುಪ್ಪು
ಉಪ್ಪಾಗೆ ಬೇಡ. ಮನೆಯಲ್ಲಿ ಕಾಯಿಸಿದ್ದು ಒಂದೊಂದು ಸಲ ಒಂದೊಂದು ಹದ, ಹುಳಿ ಎಷ್ಟಿದೆ ಅಂತ ಅಳೆಯೋಕಾಗಲ್ಲ. ಸಾರಿಗೆ, ತಂಬುಳಿಗೆ ಇಟ್ಕೊಳ್ಳಿ. ಹಸಿ ಕಳಲೆಯನ್ನು ಹಾಗೇ ಹಾಕಲೇಬಾರದು. ಅದರ ಸಯನೈಡ್ ಅಂಶ ವಿನೆಗರ್‌ನಿಂದಲೂ ಹೋಗಲ್ಲ, ಫ್ರಿಜ್‌ನಿಂದಲೂ ಹೋಗಲ್ಲ. ಯಾವಾಗಲೂ ಮಾಡೋ ಹಾಗೆ ಹೆಚ್ಚಿ, ದಿನಾ ನೀರು ಬದಲಾಯಿಸಿ ಮೂರು ದಿನ ನೆನೆಸಿ, ಆಮೇಲೆ ಚೆನ್ನಾಗಿ ಬೇಯಿಸಿ ನೀರು ಚೆಲ್ಲಿ. ಅದಾದ ಮೇಲೆ ಇದೇ ಅಳತೆಯ ವಿನೆಗರ್ ನೀರನ್ನು ಬಿಸಿಯಾಗಿ ಹೊಯ್ಯಬಹುದು.