ಹರಾಜಿನಲ್ಲಿ ಕೊಂಡ ಹಾರ್ಮೋನಿಯಂ ಕೈಕೊಟ್ಟಿದೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಕೊಪ್ಪಳದ ನಮ್ಮ ಭಜನಾ ಮಂಡಳಿಗೆಂದು ಆನ್‌ಲೈನ್ ಹರಾಜಿನಲ್ಲಿ 6,500 ರೂಪಾಯಿಗೆ ಹಳೇ ಹಾರ್ಮೋನಿಯಂ ಕೊಂಡೆ. ಫೋಟೋದಲ್ಲಿ ಪಾಲಿಶ್ ಫಳಫಳ ಅಂತಿತ್ತು. ಬಂದದ್ದು ನೋಡಿದರೆ ಗಾಳಿ ಊದುವ ತಿದಿ ಹರಿದಿದೆ, ಒಳಗಿಂದ ಟೇಪ್ ಅಂಟಿಸಿದ್ದಾರೆ. ಮಧ್ಯ ಸಪ್ತಕದ 'ಪ' ಒತ್ತಿದರೆ ಸ್ವರವೇ ಇಲ್ಲ, ಬರೀ ಬುಸ್ ಅಂತ ಗಾಳಿ. ಪಂಚಮವೇ ಇಲ್ಲದೆ ಭಜನೆ ಹೇಗೆ ಮಾಡೋದು ಹೇಳಿ!

ಮಾರಿದವರು 'ಹಳೇ ಮಾಲು, ಇದ್ದ ಹಾಗೇ ಕೊಟ್ಟಿದ್ದೀವಿ' ಅಂತಾರೆ. ಆದರೆ ವಿವರದಲ್ಲಿ 'ಎಲ್ಲ ರೀಡೂ ಸರಿ ಇವೆ' ಎಂದೇ ಬರೆದಿದ್ದರು (ರೀಡು ಅಂದರೆ ಗಾಳಿಗೆ ಕಂಪಿಸಿ ಸ್ವರ ಕೊಡುವ ಲೋಹದ ಪಟ್ಟಿ). ಸ್ಕ್ರೀನ್‌ಶಾಟ್ ಇದೆ. ಪಾರ್ಸೆಲ್ ಬಿಚ್ಚುವಾಗ ವಿಡಿಯೋ ಮಾಡಲಿಲ್ಲ, ಅದು ನನ್ನ ತಪ್ಪು.

ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಯಾರಿಗಾದರೂ ಹಣ ವಾಪಸ್ ಬಂದಿದೆಯಾ? ಇಲ್ಲವಾದರೆ ಕೊಪ್ಪಳ, ಗಂಗಾವತಿ ಕಡೆ ರೀಡು, ತಿದಿ ರಿಪೇರಿ ಮಾಡುವವರಿದ್ದರೆ ತಿಳಿಸಿ. ಶ್ರಾವಣ ಹತ್ತಿರ ಬಂತು.