ಚೌಕಿಗೆ ಶೀಟು ಹಾಕ್ಬೇಡ ಪುಟ್ಟ

ಪುಟ್ಟ, ಊರಿನ ಹಳೇ ಮನೆ ರಿಪೇರಿಗೆ ಅಂತ ನಿನ್ನೆ ರಾತ್ರಿ ನೀನು ಮನೆಯವರ ಗ್ರೂಪಿಗೆ ಹಾಕಿದ ಪ್ಲಾನ್ ನೋಡ್ದೆ. ಹಂಚು ಇಳಿಸಿ ಸ್ಲ್ಯಾಬು, ಮೇಲೆ ಎರಡು ರೂಮು, ಗೋಡೆಗೆಲ್ಲ ಸಿಮೆಂಟು, ಮನೆ ನಡುವಿನ ತೆರೆದ ಅಂಗಳ ಇದೆಯಲ್ಲ, ಆ ಚೌಕಿ ಮೇಲೆ ಪ್ಲಾಸ್ಟಿಕ್ ಶೀಟು. ಎಲ್ಲರೂ ಅಭಿಪ್ರಾಯ ಹೇಳಿ ಅಂದಿದೀಯ. ಟೈಪ್ ಮಾಡೋಕೆ ಕೂತ್ರೆ ಮುಗಿಯಲ್ಲ, ಅದಕ್ಕೇ ಮಾತಲ್ಲೇ ಹೇಳ್ತೀನಿ. ಉದ್ದ ಆಗುತ್ತೆ, ಪೂರ್ತಿ ಕೇಳು. ಅಣ್ಣ, ಅತ್ತಿಗೆ, ನೀವೂ ಕೇಳಿ.

ರೂಮು ಬೇಡ ಅಂತ ನಾನು ಹೇಳ್ತಿಲ್ಲ. ಅತ್ತಿಗೆಗೆ ಮಂಡಿ ನೋವು, ರಾತ್ರಿ ಎದ್ದು ಹಿತ್ತಲಿಗೆ ಹೋಗ್ಬೇಕು, ಮಳೆಗಾಲದಲ್ಲಿ ಅಂಗಳ ಪೂರ್ತಿ ಪಾಚಿ. ಬಾತ್‌ರೂಮು ಮನೆ ಹತ್ತಿರದಲ್ಲೇ ಇರ್ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅದನ್ನೆಲ್ಲ ಹಳೇ ಮನೆ ತಲೆ ಮೇಲೆ ಹೇರೋದು ಯಾಕೆ? ಕೊಟ್ಟಿಗೆ ಖಾಲಿ ಬಿದ್ದಿದೆಯಲ್ಲ, ಆ ಜಾಗದಲ್ಲಿ ಕಟ್ಟು.

ಭಾರದ ಲೆಕ್ಕ ನೋಡು. ಒಂದು ಚದರ ಮೀಟರಿಗೆ ಮಂಗಳೂರು ಹಂಚು ಸುಮಾರು 15 ಬೇಕು, ಒಂದೊಂದು ಎರಡೂವರೆ ಮೂರು ಕೆ.ಜಿ. ಪಕಾಸು, ರೀಪು ಅಂತ ಹಂಚು ಹೊರೋ ಮರ ಎಲ್ಲ ಸೇರಿಸಿದ್ರೂ ನೂರು ಕೆ.ಜಿ. ದಾಟಲ್ಲ. 5 ಇಂಚಿನ ಸ್ಲ್ಯಾಬು ಅಷ್ಟೇ ಜಾಗಕ್ಕೆ 300 ಕೆ.ಜಿ. ಮೇಲಾಗುತ್ತೆ. ಕೆಳಗಿರೋದು ಮಣ್ಣಿನ ಗೋಡೆ ಮಾರಾಯ. ಅಜ್ಜ ಅದನ್ನ ಹಂಚು ಹೊರೋಕೆ ಕಟ್ಟಿಸಿದ್ದು.

ಇನ್ನು ಸಿಮೆಂಟಿನ ವಿಷಯ. ಇದು ನಾವೇ ಅನುಭವಿಸಿದ್ದು. ಇಲ್ಲಿ ನಮ್ಮನೆ ದೇವರ ಕೋಣೆ ಗೋಡೆ ಉದುರ್ತಿದೆ ಅಂತ ಒಬ್ಬ ಕಂಟ್ರಾಕ್ಟರ್ ಮಾತು ಕೇಳಿ ಸಿಮೆಂಟ್ ಹಾಕಿಸಿದ್ವಿ. ಎರಡು ಮಳೆಗಾಲ ಏನೂ ಆಗ್ಲಿಲ್ಲ. ಮೂರನೇ ಮಳೆಗಾಲಕ್ಕೆ ಸೊಂಟದೆತ್ತರ ಬಣ್ಣ ಉಬ್ಬಿತು. ಬೆರಳಲ್ಲಿ ತಟ್ಟಿದ್ರೆ ಟೊಳ್ಳು ಸದ್ದು. ಒಂದು ಕಡೆ ಉಗುರು ಹಾಕಿ ಎಳೆದೆ, ತಟ್ಟೆಯಷ್ಟು ದೊಡ್ಡ ಚಕ್ಕೆ ಹಾಗೇ ಕೈಗೆ ಬಂತು. ಅದರ ಹಿಂದೆ ಬಿಳೀ ಉಪ್ಪು, ಅದರ ಹಿಂದೆ ಮಣ್ಣು ಹಸೀ ಹಸೀ, ಬೆರಳು ಒತ್ತಿದ್ರೆ ಒಳಗೇ ಹೋಗ್ತಿತ್ತು. ಆಮೇಲೆ ಬಂದ ಹಳೇ ಗಾರೆಯವರು ಹೇಳಿದ್ರು, ನೆಲದ ತೇವ ಗೋಡೆ ಹತ್ತೋದು ಸಹಜ, ಸುಣ್ಣದ ಗಾರೆ ಆದ್ರೆ ಅದು ಆರಿ ಹೊರಗೆ ಹೋಗುತ್ತೆ, ಸಿಮೆಂಟು ಬಾಯಿ ಮುಚ್ಚಿಬಿಡುತ್ತೆ ಅಂತ. ಆರೋಕೆ ದಾರಿ ಇಲ್ಲದೆ ನೀರು ಇನ್ನೂ ಮೇಲಕ್ಕೆ ಹತ್ತುತ್ತೆ. ಕೊನೆಗೆ ಎಲ್ಲ ಕಿತ್ತು, ಗೋಡೆ ಆರೋಕೆ ಒಂದು ಬೇಸಿಗೆ ಪೂರ್ತಿ ಬಿಟ್ಟು, ನೆನೆಹಾಕಿ ಹದ ಮಾಡಿದ ಸುಣ್ಣಕ್ಕೆ ಮರಳು, ಬೆಲ್ಲದ ನೀರು ಸೇರಿಸಿ ಮತ್ತೆ ಗಾರೆ ಮಾಡಿಸಿದ್ವಿ. ಎರಡೆರಡು ಸಲ ದುಡ್ಡು ಹೋಯ್ತು. ದುಡ್ಡಿಗಿಂತ, ನಮ್ಮತ್ತೆ ಕೈಯಾರೆ ಬರೆದಿದ್ದ ಕಾವಿಯ ಬಳ್ಳಿ ಆ ಗೋಡೆ ಮೇಲಿತ್ತು, ಅದು ಹೋಯ್ತು. ನಿಮ್ಮಲ್ಲಿ ಹಾಗಾಗ್ಬಾರ್ದು. ವೈರಿಂಗಿಗೂ ಮಣ್ಣಿನ ಗೋಡೆ ಕೊರೆಸ್ಬೇಡ, ಪೈಪ್ ಮೇಲ್ಗಡೆ ತೊಲೆ ಪಕ್ಕದಲ್ಲೇ ಹೋಗ್ಲಿ.

ಮಾಡು ಸೋರುತ್ತೆ ಅಂತೀಯ. ನಾನು ಹೋದ್ಸಲ ಬಂದಾಗ ಅಟ್ಟ ಹತ್ತಿ ನೋಡಿದೀನಿ. ಸೋರೋದು ಹಂಚಲ್ಲ ಪುಟ್ಟ. ಮಾಡುಗಳು ಕೂಡೋ ಮೂಲೆಗೆ ನೀರು ಹರಿಯೋಕೆ ಹಾಕಿರೋ ತಗಡಿನ ದೋಣಿ ತುಕ್ಕು ಹಿಡಿದು ತೂತಾಗಿದೆ. ಆ ನೀರೇ ಪಕಾಸಿನ ತುದಿಗೆ ಇಳಿದು ಅದು ಕುಂಬಾಗಿ ಕೊಳೆತಿರೋದು. ಸ್ಕ್ರೂಡ್ರೈವರ್ ಚುಚ್ಚಿ ನೋಡ್ದೆ, ಗೋಡೆ ಹತ್ರ ಒಂದೂವರೆ ಅಡಿ ಮಾತ್ರ ಮೆತ್ತಗಿದೆ, ಅದರಿಂದಾಚೆ ಮೊಳೆ ಹೊಡೆದ್ರೂ ಇಳಿಯಲ್ಲ. ಅಷ್ಟು ತುದಿ ಕತ್ತರಿಸಿ ಅದೇ ಜಾತಿ ಮರ ಬೆಸೆಯೋ ಆಚಾರ್ರು ಈಗ್ಲೂ ಸಿಗ್ತಾರೆ. ಮರಕ್ಕೆ ಗೇರುಸಿಪ್ಪೆ ಎಣ್ಣೆ ಬಳಿಸು, ಗೆದ್ದಲು ಹತ್ರ ಬರಲ್ಲ. ಮಳೆಗೆ ಮುಂಚೆ ಹಂಚು ಕೈಯಾಡಿಸೋದನ್ನ ನಾಲ್ಕು ವರ್ಷದಿಂದ ಬಿಟ್ಟಿದೀರಿ, ಅದೂ ಒಂದು ಕಾರಣ.

ಹಂಚು ಇಳಿಸಿದ್ರೂ ಗುಜರಿಯವನಿಗೆ ಕೊಡ್ಬೇಡ. ಒಂದು ತಿರುಗಿಸಿ ನೋಡು, ಬಾಸೆಲ್ ಮಿಷನ್, 1865 ಅಂತ ಅಚ್ಚಿದೆ. ಅಪ್ಪ ಅದನ್ನೇ ತೋರಿಸಿ ಮನೆ ಕಟ್ಟಿದ ವರ್ಷ ಅಂತಿದ್ರು. ಅದು ಆ ಮಿಷನ್ ಪಾದ್ರಿಗಳು ಮಂಗಳೂರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ, ನಮ್ಮನೆದಲ್ಲ. ಆದ್ರೆ ಮೊದಲನೇ ಮಹಾಯುದ್ಧ ಆದ್ಮೇಲೆ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಅನ್ನೋ ಕಂಪನಿ ಕೈಗೆ ಹೋದವು, ಹಾಗಾಗಿ ನಮ್ಮ ಹಂಚಿಗೆ ನೂರು ವರ್ಷ ದಾಟಿರ್ಬೇಕು. ಇಷ್ಟು ವರ್ಷ ಈ ಮಲೆನಾಡಿನ ಮಳೆ ತಡೆದಿದೆ.

ಚೌಕಿಗೆ ಶೀಟು ಮಾತ್ರ ಬೇಡ್ವೇ ಬೇಡ. ಅಡಿಗೆ ಮನೆ ಹೊಗೆ, ಬಿಸಿಗಾಳಿ ಎಲ್ಲ ಅಲ್ಲಿಂದಾನೇ ಮೇಲಕ್ಕೆ ಹೋಗೋದು. ಮುಚ್ಚಿದ್ರೆ ಏಪ್ರಿಲ್‌ನಲ್ಲಿ ಜಗುಲಿ ಮೇಲೆ ಕೂರೋಕಾಗಲ್ಲ. ಇರಚಲು ಹೊಡೆಯುತ್ತೆ ಅನ್ನೋದಾದ್ರೆ ಹಿಂದಿನ ಹಾಗೆ ಮಳೆಗಾಲಕ್ಕೆ ಅಡಿಕೆ ಸೋಗೆ ತಟ್ಟಿ ಕಟ್ಟಿದ್ರಾಯ್ತು. ನಾನು, ನಿಮ್ಮಪ್ಪ, ಚಿಕ್ಕಪ್ಪ ಆ ಚೌಕಿ ಕಟ್ಟೆ ಮೇಲೆ ಕೂತು ಕಾಲು ನೀರಿಗೆ ಇಳಿಬಿಟ್ಟು ಮಳೆ ನೋಡ್ತಾ ಬೆಳೆದವರು.

ಕೊಟ್ಟಿಗೆ ಜಾಗದಲ್ಲಿ ಕಟ್ಟೋದು ಬೇಕಾದ್ರೆ ಸಿಮೆಂಟಿದ್ದೇ ಇರ್ಲಿ. ಹಳೇ ಗೋಡೆಗೆ ತಾಗಿಸ್ಬೇಡ, ಹೊಸದರ ಪಾಯ ಕೂತಾಗ ಹಳೇ ಗೋಡೆ ಬಿರುಕು ಬಿಡುತ್ತೆ. ನಾಲ್ಕೈದು ಅಡಿ ಬಿಟ್ಟು, ಮಧ್ಯೆ ಹಂಚಿನ ಸಣ್ಣ ಓಣಿ, ಒಂದೇ ಮಟ್ಟದ ನೆಲ, ಅತ್ತಿಗೆ ಮೆಟ್ಟಿಲು ಹತ್ತೋದೇ ಬೇಡ. ಮಾಡು ಹಳೇದಕ್ಕಿಂತ ಒಂದು ಮೊಳ ತಗ್ಗಿರ್ಲಿ. ಮಣಿಪಾಲಕ್ಕೆ ಒಂದ್ಸಲ ಹೋಗಿ ಬಾ, ಅಲ್ಲಿ ಹಸ್ತಶಿಲ್ಪ ಅನ್ನೋ ಹಳೇ ಮನೆಗಳ ಮ್ಯೂಸಿಯಂನಲ್ಲಿ ವಿಜಯನಾಥ ಶೆಣೈಯವರು ಬೀಳ್ತಿದ್ದ ಮನೆಗಳನ್ನ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ರು. ಅವರು ಊರೂರು ಸುತ್ತಿ ಉಳಿಸಿದ್ದು ನಮಗೆ ಇದ್ದಲ್ಲೇ ಇದೆ.

ನಾನು ಶನಿವಾರ ಬೆಳಿಗ್ಗೆ ಬಸ್ಸಿಗೆ ಬರ್ತೀನಿ, ಗಾರೆಯವರನ್ನೂ ಕರ್ಕೊಂಡು. ಅಲ್ಲೀವರೆಗೆ ಯಾರೂ ಮಾಡು ಹತ್ತೋದು ಬೇಡ. ಅಣ್ಣ, ಆ ಹೆಬ್ಬಾಗಿಲು ಕೇಳ್ಕೊಂಡು ಯಾರೋ ಬಂದಿದ್ರಂತಲ್ಲ, ಅವರಿಗೆ ಇವತ್ತೇ ಫೋನ್ ಮಾಡಿ ಕೊಡಲ್ಲ ಅಂತ ಹೇಳ್ಬಿಡು.