ಸಹಾಯ ಬೇಕು: ಮಗನ ತೊಡೆ ಮೂಳೆ ಮುರಿದಿದೆ, ಒಳಗೆ ಗಡ್ಡೆಯಂತೆ

ನಾವು ಶಿರಸಿ ಹತ್ತಿರದವರು. ಮಗನಿಗೆ 11 ವರ್ಷ. ಹೋದ ವಾರ ಜಗುಲಿಯಿಂದ ಅಂಗಳಕ್ಕೆ ಹಾರಿದ, ಅಷ್ಟೇ. ಒಣಹಾಕಿದ್ದ ಅಡಿಕೆ ಮೇಲೆ ಕುಸಿದವನು ಏಳಲೇ ಇಲ್ಲ. ಎರಡಡಿ ಎತ್ತರವೂ ಇಲ್ಲದ ಜಗುಲಿ! ಎರಡು ತಿಂಗಳಿಂದ ತೊಡೆ ನೋವು ಅನ್ನುತ್ತಿದ್ದ. ಶಾಲೆ ತಪ್ಪಿಸುವ ನಾಟಕ ಅಂದುಕೊಂಡು ಎಣ್ಣೆ ತಿಕ್ಕಿ ಕಳಿಸುತ್ತಿದ್ದೆ. ಈಗ ನೆನೆದರೆ ಹೊಟ್ಟೆ ಉರಿಯುತ್ತದೆ.

ಎಕ್ಸ್‌ರೇಯಲ್ಲಿ ಸೊಂಟದ ಕೀಲಿನ ಸ್ವಲ್ಪ ಕೆಳಗೆ ಮೂಳೆ ಟೊಳ್ಳಾಗಿತ್ತು. ಸುತ್ತ ಮೊಟ್ಟೆ ಚಿಪ್ಪಿನಂಥ ತೆಳು ಪದರ. ಹುಬ್ಬಳ್ಳಿಯಲ್ಲಿ ಎಂಆರ್‌ಐ ಮಾಡಿಸಿದೆವು. ಬೋನ್ ಸಿಸ್ಟ್, ಅಂದರೆ ಮೂಳೆಯೊಳಗೆ ನೀರು ತುಂಬಿದ ಚೀಲದಂಥದ್ದು ಇರಬಹುದು, ಕ್ಯಾನ್ಸರ್ ಥರ ಕಾಣುವುದಿಲ್ಲ, ಆದರೂ ಬಯಾಪ್ಸಿ (ಚೂರು ತೆಗೆದು ಪರೀಕ್ಷೆ) ಬೇಕು ಅಂದರು. ಸದ್ಯ ಕಾಲನ್ನು ಎಳೆದು ಕಟ್ಟಿ ಟ್ರ್ಯಾಕ್ಷನ್‌ನಲ್ಲಿ ಇಟ್ಟಿದ್ದಾರೆ.

ಇಲ್ಲಿಂದ ತಲೆ ಕೆಟ್ಟಿದೆ. ಒಬ್ಬ ಡಾಕ್ಟರ್, ಟೊಳ್ಳನ್ನು ಕೆರೆದು ಶುಚಿ ಮಾಡಿ, ಬೋನ್ ಗ್ರಾಫ್ಟ್ (ಕಸಿ ಮಾಡುವ ಮೂಳೆ ಚೂರು) ತುಂಬಿ ಪ್ಲೇಟ್ ಹಾಕೋಣ ಅನ್ನುತ್ತಾರೆ. ಇನ್ನೊಬ್ಬರು, ಬಾಗುವ ಎರಡು ರಾಡ್ ಹಾಕಿದರೆ ಸಾಕು, ಮೂಳೆ ಕೂಡುವಾಗ ಟೊಳ್ಳೂ ತುಂಬಬಹುದು ಅನ್ನುತ್ತಾರೆ. ಎರಡರಲ್ಲೂ ಸಿಸ್ಟ್ ಮತ್ತೆ ಬರಬಹುದಂತೆ. ನಾಟಿ ಪಟ್ಟು ಕಟ್ಟಿಸಿ ಅನ್ನುವವರು ಬೇರೆ. ಸುಮ್ನೆ ಕೇಳಿಸಿಕೊಂಡು ಬಿಟ್ಟೆ.

ನಿಮ್ಮ ಮನೆ ಮಕ್ಕಳಿಗೆ ಇದೇ ಜಾಗದಲ್ಲಿ ಆಪರೇಷನ್ ಆಗಿದೆಯಾ? ಪ್ಲೇಟಾ, ರಾಡಾ? ಎಷ್ಟು ತಿಂಗಳಿಗೆ ಕಾಲೂರಿದರು? ಬಯಾಪ್ಸಿ ರಿಪೋರ್ಟ್ ಬಂದ ಮೇಲೆ ಆಪರೇಷನ್ ಮಾಡಿದರಾ, ಎರಡೂ ಒಟ್ಟಿಗೇನಾ? ಮಂಗಳೂರು, ಮಣಿಪಾಲ ಕಡೆ ಮೂಳೆ ಗಡ್ಡೆಯನ್ನೇ ನೋಡುವ ಡಾಕ್ಟರ್ ಹತ್ತಿರ ಇನ್ನೊಂದು ಅಭಿಪ್ರಾಯ ಕೇಳುವುದು ಹೇಗೆ?